ರೆಕಾರ್ಡಿಂಗ್ ಒಂದೂವರೆ ಗಂಟೆ ಉಂಟು, ಬರಹದಲ್ಲಿ ಮಾತ್ರ ಜೀವ ಇಲ್ಲ: ವಿದ್ಯಾರ್ಥಿ ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಡಿದು ಕಾಲೇಜು ಶುರುವಾಯ್ತು ಅಂದ್ರೆ ನಮ್ಮ ಕಡೆ ಪತ್ರಿಕೋದ್ಯಮದ ಮಕ್ಕಳಿಗೆ ಜುಲೈ 1ರ ಗಡಿಬಿಡಿ. 1843ರಲ್ಲಿ ಜರ್ಮನ್ ಮಿಷನರಿ ಮೊಗ್ಲಿಂಗ್ ಇದೇ ಮಂಗಳೂರಿಂದ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ದಿನ ಅದು, ಹಾಗಾಗಿ ಕೊಣಾಜೆ, ಮಣಿಪಾಲ, ಉಜಿರೆ, ಮೂಡುಬಿದಿರೆ ಅಂತ ಎಲ್ಲ ಕಡೆ ಪತ್ರಿಕಾ ದಿನ, ಪ್ರಾಯೋಗಿಕ ಪತ್ರಿಕೆ, ವಿಶೇಷಾಂಕ ಅಂತ ಓಡಾಟ. ಈ ಸಲ ಬಂದ ಪ್ರಶ್ನೆಗಳು ಜಾಸ್ತಿ ನುಡಿಚಿತ್ರದ (ಫೀಚರ್ ಬರಹದ) ಬಗ್ಗೆಯೇ ಉಂಟು, ಸಂದರ್ಶನ ಮಾಡಿ ಆಯ್ತು ಇನ್ನು ಬರೆಯುದು ಹೇಗೆ ಅಂತ. ಐದು ಪ್ರಶ್ನೆ ತಗೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದ ಆಯ್ತು, ಉಳಿದವರಿಗೂ ಅದು ಬೇಕಾದದ್ದೇ ಆದ ಕಾರಣ ಹಾಗೇ ಬಿಟ್ಟಿದ್ದೇನೆ.

ಪ್ರಶ್ನೆ: ಸರ್, ನಮ್ಮ ಲ್ಯಾಬ್ ಪೇಪರಿಗೆ (ಕಾಲೇಜಿನ ಪ್ರಾಯೋಗಿಕ ಪತ್ರಿಕೆಗೆ) ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಒಬ್ರು ಅಮ್ಮನ ಬಗ್ಗೆ ಬರೆದೆ. ಒಂದೂವರೆ ಗಂಟೆ ರೆಕಾರ್ಡಿಂಗ್ ಉಂಟು. ಲೆಕ್ಚರರ್ ಓದಿ ನೋಡಿ, ಹೆಸರು ತೆಗೆದು ಬೇರೆ ಯಾರದ್ದೇ ಹೆಸರು ಹಾಕಿದ್ರೂ ಇದು ನಡೀತದೆ ಅಂದ್ರು. ನನ್ನ ಭಾಷೆ ಸರಿ ಇಲ್ವಾ? ಲೀಡ್ (ಆರಂಭದ ಸಾಲು) ಚೇಂಜ್ ಮಾಡಿದ್ರೆ ಸರಿಯಾಗ್ತದಾ? ಬರಹ ಮತ್ತು ಪ್ರಶ್ನೆಗಳ ಪಟ್ಟಿ ಎರಡನ್ನೂ ಕಳಿಸಿದ್ದೇನೆ. (ದ್ವಿತೀಯ ಬಿಎ ವಿದ್ಯಾರ್ಥಿನಿ, ಉಡುಪಿ)

ನಿಮ್ಮ ಭಾಷೆ ಚೆನ್ನಾಗಿಯೇ ಉಂಟು, ಅದ್ರಲ್ಲಿ ಏನೂ ತೊಂದರೆ ಇಲ್ಲ. ತೊಂದರೆ ಇರುದು ನೀವು ಕಳಿಸಿದ ಎರಡನೇ ಕಾಗದದಲ್ಲಿ, ಪ್ರಶ್ನೆಗಳ ಪಟ್ಟಿಯಲ್ಲಿ. ಈ ಕೃಷಿಗೆ ನಿಮಗೆ ಪ್ರೇರಣೆ ಯಾರು, ನೀವು ಎದುರಿಸಿದ ಸವಾಲುಗಳೇನು, ಸರ್ಕಾರದ ಸಹಾಯ ಸಿಕ್ಕಿದೆಯಾ, ಯುವಜನತೆಗೆ ನಿಮ್ಮ ಸಂದೇಶ ಏನು. ಇಂಥ ಪ್ರಶ್ನೆ ಕೇಳಿದ್ರೆ ಯಾರಾದ್ರೂ ಸರಿ, ಸನ್ಮಾನದ ಸ್ಟೇಜ್ ಮೇಲೆ ಮಾತಾಡಿದ ಹಾಗೆ ಮಾತಾಡ್ತಾರೆ. ಆ ಅಮ್ಮನೂ ಹಾಗೇ ಮಾಡಿದ್ದಾರೆ, ಕಷ್ಟಪಟ್ರೆ ಫಲ ಉಂಟು, ಮಕ್ಕಳು ಕೃಷಿ ಬಿಡಬಾರದು, ದೇವರ ದಯೆ ಅಂತ. ಅವರ ತಪ್ಪಲ್ಲ ಅದು, ನೀವು ಮೈಕ್ ಹಿಡಿದ ರೀತಿಗೆ ಅವರು ಉತ್ತರ ಕೊಟ್ರು ಅಷ್ಟೆ. ಈಗ ಆ ಮಾತುಗಳನ್ನು ಇಟ್ಕೊಂಡು ಎಷ್ಟೇ ಒಳ್ಳೆ ಕನ್ನಡ ಬರೆದ್ರೂ ಅದು ಎಲ್ಲರ ಕಥೆಯೇ ಆಗ್ತದೆ. ಲೀಡ್ ಬದಲಿಸಿ ಏನೂ ಆಗ್ಲಿಕ್ಕಿಲ್ಲ.

ಆದ್ರೆ ನಿಮ್ಮ ಬರಹದ ಆರನೇ ಪ್ಯಾರಾದಲ್ಲಿ ಒಂದು ವಾಕ್ಯ ಉಂಟು, ನೀವೇ ಬರೆದದ್ದು, ಬಹುಶಃ ನಿಮಗೇ ಗೊತ್ತಾಗ್ಲಿಲ್ಲ. "ಮಗಳ ಮದುವೆ ದಿನ ಸಹ ಬೆಳಗ್ಗೆ ಎದ್ದು ಹೂ ಕೊಯ್ದಿದ್ದೇನೆ" ಅಂತ ಅವರು ಹೇಳಿದ್ದಾರೆ. ಅದರ ನಂತರ ನೀವು ಕೇಳಿದ್ದು ಸರ್ಕಾರದ ಸಹಾಯದ ಪ್ರಶ್ನೆ, ಯಾಕಂದ್ರೆ ಪಟ್ಟಿಯಲ್ಲಿ ಅದು ಮುಂದಿತ್ತು. ನಾನು ಅದನ್ನು ಓದಿ ತುಂಬ ಹೊತ್ತು ಅಲ್ಲೇ ನಿಂತೆ. ಮದುವೆ ಮನೆ, ಚಪ್ಪರ, ನೆಂಟರು, ಆ ಹೊತ್ತಲ್ಲಿ ಇವರು ಗಿಡದ ಬುಡದಲ್ಲಿ ಎಂತಕ್ಕೆ ಇದ್ರು? ಆ ದಿನ ಬಿಟ್ಟಿದ್ರೆ ಎಂತ ಆಗ್ತಿತ್ತು? ಯಾರು ಜೊತೆಗಿದ್ರು? ಕೊಯ್ದ ಹೂವು ಮಗಳ ಜಡೆಗೆ ಹೋಯ್ತಾ ಅಥವಾ ಎಂದಿನ ಹಾಗೆ ಹೂ ಮಾರುವ ಕಟ್ಟೆಗೆ ಹೋಯ್ತಾ? ಮಗಳಿಗೆ ಆ ಬೆಳಗ್ಗೆ ಅಮ್ಮ ಪಕ್ಕದಲ್ಲಿ ಇಲ್ಲದ್ದು ನೆನಪುಂಟಾ? ಇಷ್ಟೂ ಪ್ರಶ್ನೆ ಆ ಒಂದು ವಾಕ್ಯದ ಹಿಂದೆ ಕಾಯ್ತಾ ಇತ್ತು. ನಿಮ್ಮ ನುಡಿಚಿತ್ರ ಅಲ್ಲಿಯೇ ಇರುದು. ಫೋನ್ ಮಾಡಿ ಕೇಳ್ಬೇಡಿ, ಇನ್ನೊಂದು ಸಲ ಹೋಗಿ.

ಹೋಗುವ ಮೊದಲು ಸ್ವಲ್ಪ ಹೋಮ್‌ವರ್ಕ್ ಮಾಡಿ. ಉಡುಪಿ ಮಲ್ಲಿಗೆಗೆ ಜಿಐ ಟ್ಯಾಗ್ ಉಂಟು ಅಂತ ಒಂದು ಸಾಲು ಬರೆದಿದ್ದೀರಿ, ಅದು ಗೂಗಲಲ್ಲಿ ಸಿಕ್ಕುವ ವಿಷಯ, ಅದರಿಂದ ಈ ಅಮ್ಮನ ಬಗ್ಗೆ ಏನೂ ಗೊತ್ತಾಗುದಿಲ್ಲ. ಅದಕ್ಕಿಂತ ಲೆಕ್ಕ ಕಲಿಯಿರಿ. ಅಲ್ಲಿ ಹೂವನ್ನು ಮಾರುದು ಅಟ್ಟೆ ಲೆಕ್ಕದಲ್ಲಿ, ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ, ಒಂದು ಚೆಂಡಿಗೆ ಸುಮಾರು 800 ಹೂ. ಅಂದ್ರೆ ಒಂದು ಅಟ್ಟೆಗೆ 3200 ಹೂವನ್ನು ಒಂದೊಂದಾಗಿ ಕೊಯ್ದು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಬೇಕು, ಅದೂ ಬೆಳಗ್ಗೆಯೇ, ಆ ದಿನದ ಮಾರ್ಕೆಟಿಗೆ ಮುಟ್ಟುವ ಹೊತ್ತಿಗೆ. ರೇಟ್ ದಿನಾ ಬೇರೆ ಬೇರೆ. ಮದುವೆ ಸೀಸನ್, ಹಬ್ಬ ಬಂದ್ರೆ ಏರ್ತದೆ, ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲದ ಕಾರಣ ಬೇಡಿಕೆ ಇಳೀತದೆ. ಇಷ್ಟು ಗೊತ್ತಿದ್ದು ಹೋದ್ರೆ ನಿಮ್ಮ ಪ್ರಶ್ನೆ ತಾನಾಗಿ ಬದಲಾಗ್ತದೆ. ಸವಾಲೇನು ಅಂತ ಕೇಳುವ ಬದಲು "ನಿನ್ನೆ ಎಷ್ಟು ಅಟ್ಟೆ ಆಯ್ತಮ್ಮ, ಕಟ್ಟಿದ್ದು ಯಾರು, ರೇಟ್ ಎಷ್ಟು ಸಿಕ್ತು, ಆ ದುಡ್ಡು ಎಂತಕ್ಕೆ ಹೋಯ್ತು" ಅಂತ ಕೇಳ್ತೀರಿ. ನಿನ್ನೆಯ ಬಗ್ಗೆ ಕೇಳಿದ್ರೆ ಯಾರಿಗೂ ಭಾಷಣ ಮಾಡ್ಲಿಕ್ಕೆ ಆಗುದಿಲ್ಲ, ನೆನಪು ಮಾಡಿ ಹೇಳ್ಲೇಬೇಕು. ಜೀವನದಲ್ಲಿ ಮರೆಯಲಾಗದ ಘಟನೆ ಅಂತೆಲ್ಲ ಕೇಳಿದ್ರೆ ಪಾಪ ಅವರು ತಲೆ ಕೆರ್ಕೊಂಡು ಕೂತ್ಕೊಳ್ತಾರೆ.

ಮತ್ತೆ, ಹೋಗುದಾದ್ರೆ ಕೊಯ್ಯುವ ಹೊತ್ತಿಗೇ ಹೋಗಿ. ನೀವು ಮಧ್ಯಾಹ್ನ ಮೂರು ಗಂಟೆಗೆ ಹೋಗಿದ್ದೀರಿ, ಅವರು ಸೀರೆ ಬದಲಿಸಿ ಜಗಲಿಯಲ್ಲಿ ಕೂತು ಮಾತಾಡಿದ್ದಾರೆ, ಹಾಗಾಗಿ ನಿಮ್ಮ ಬರಹದಲ್ಲಿ ಜಗಲಿ ಮಾತ್ರ ಉಂಟು. ಬೆಳಗ್ಗೆ ಹೋಗಿ, ಮೊದಲೇ ಕೇಳಿಕೊಂಡು ಹೋಗಿ, ಒಂದು ಬದಿಗೆ ನಿಂತ್ಕೊಳ್ಳಿ, ಪ್ರಶ್ನೆ ಕಡಿಮೆ ಮಾಡಿ. ಅವರ ಕೈ ಯಾವ ಸ್ಪೀಡಲ್ಲಿ ಹೋಗ್ತದೆ, ಅರಳಿದ ಹೂ ಸಿಕ್ಕಿದ್ರೆ ಎಂತ ಮಾಡ್ತಾರೆ, ಹೂ ಯಾವುದಕ್ಕೆ ಹಾಕ್ಕೊಳ್ತಾರೆ, ಕಟ್ಟುವಾಗ ಯಾರ ಜೊತೆ ಎಂತ ಮಾತಾಡ್ತಾರೆ, ಮೊಬೈಲಲ್ಲಿ ಎಂತ ಕೇಳ್ತಾ ಇದ್ದಾರೆ, ಇದೆಲ್ಲ ನೋಟ್ ಪುಸ್ತಕಕ್ಕೆ ಹೋಗ್ಲಿ. ರೆಕಾರ್ಡರ್ ಇದನ್ನು ಹಿಡಿಯುದಿಲ್ಲ. ರೆಕಾರ್ಡಿಂಗ್ ಬಗ್ಗೆ ಹೇಳುದಾದ್ರೆ ಈಗ ಮಳೆಗಾಲ, ಶೀಟ್ ಹಾಕಿದ ಮಾಡಿನ ಕೆಳಗೆ ಕೂತು ರೆಕಾರ್ಡ್ ಮಾಡಿದ್ರೆ ಮನೆಗೆ ಬಂದು ನೋಡುವಾಗ ಮಳೆ ಬಿಟ್ಟು ಬೇರೆಂತ ಕೇಳುದಿಲ್ಲ, ಮತ್ತೆ ಮಧ್ಯೆ ಕಾಲ್ ಬಂದ್ರೆ ಕೆಲವು ಫೋನಲ್ಲಿ ರೆಕಾರ್ಡಿಂಗೇ ನಿಂತು ಹೋಗ್ತದೆ. ಫ್ಲೈಟ್ ಮೋಡ್ ಹಾಕಿ, ಕೈಯಲ್ಲೂ ಬರ್ಕೊಳ್ಳಿ, ಆ ರಾತ್ರಿಯೇ ಕೂತು ಕೇಳಿ ಬರೆದಿಡಿ. ಮೂರು ದಿನ ಬಿಟ್ರೆ ಅವರ ಮಾತು ಹೋಗಿ ನಿಮ್ಮ ಮಾತು ಬಂದು ಕೂತ್ಕೊಳ್ತದೆ.

ಬರೆಯುವಾಗ ಕೋಟ್ ಎಲ್ಲಿ ಹಾಕುದು ಅಂತಲೂ ಕೇಳಿದ್ದೀರಿ. ಲೆಕ್ಕ, ವಯಸ್ಸು, ವರ್ಷ, ಎಷ್ಟು ಸೆಂಟ್ಸ್ ಜಾಗ, ಎಷ್ಟು ಗಿಡ, ಇದು ಯಾವುದನ್ನೂ ಅವರ ಬಾಯಲ್ಲಿ ಹೇಳಿಸ್ಬೇಡಿ, ನೀವೇ ಬರೀರಿ, ಒಂದೇ ಸಾಲಲ್ಲಿ ಮುಗೀತದೆ. ಕೋಟ್ ಒಳಗೆ ಅವರು ಮಾತ್ರ ಹೇಳಬಹುದಾದ ಮಾತು ಇರ್ಲಿ. ಆ ಮದುವೆ ದಿನದ ಮಾತು ಹಾಗಿರುವಂಥದ್ದು. ಒಂದೂವರೆ ಗಂಟೆಯ ಮಾತಲ್ಲಿ ಅಂಥದ್ದು ನಾಲ್ಕೋ ಐದೋ ಸಿಕ್ಕಿದ್ರೆ ಧಾರಾಳ ಆಯ್ತು, ಉಳಿದದ್ದೆಲ್ಲ ನಿಮ್ಮ ತಿಳುವಳಿಕೆಗೆ, ಪೇಜಿಗೆ ಅಲ್ಲ. ಹೂ ತೆಗೆದುಕೊಳ್ಳುವವರ ಹತ್ರ, ಮಗಳ ಹತ್ರ, ಪಕ್ಕದ ಮನೆಯವರ ಹತ್ರ ಸಹ ಮಾತಾಡಿ, ಒಬ್ಬರ ಮಾತಿನ ಮೇಲೆ ನಿಂತ ನುಡಿಚಿತ್ರಕ್ಕೆ ಬಲ ಬರುದಿಲ್ಲ.

ಲೀಡ್ ಬಗ್ಗೆ ಕೊನೆಗೆ ಹೇಳ್ತಿದ್ದೇನೆ ಯಾಕಂದ್ರೆ ಅದನ್ನು ಕೊನೆಗೇ ಯೋಚಿಸ್ಬೇಕು. ನಿಮ್ಮದು "ಸಾಧಿಸುವ ಛಲವೊಂದಿದ್ದರೆ" ಅಂತ ಶುರುವಾಗಿ "ಇತರರಿಗೆ ಮಾದರಿಯಾಗಿದ್ದಾರೆ" ಅಂತ ಮುಗೀತದೆ, ಮಧ್ಯೆ "ಎಲೆಮರೆಯ ಕಾಯಿ" ಉಂಟು. ನನಗೆ ಬರುವ ಹತ್ತು ವಿದ್ಯಾರ್ಥಿ ಬರಹದಲ್ಲಿ ಎಂಟು ಹೀಗೇ ಇರ್ತದೆ, ನಿಜವಾಗಿ ಬೇಜಾರಾಗ್ತದೆ, ಯಾಕಂದ್ರೆ ಆ ಹುಡುಗ ಹುಡುಗಿಯರು ಬಸ್ ಹತ್ತಿ, ಬಿಸಿಲು ಮಳೆ ನೋಡದೆ ಹೋಗಿ, ಯಾರದ್ದೋ ಮನೆಯಲ್ಲಿ ಚಾ ಕುಡಿದು, ಇಷ್ಟು ಒಳ್ಳೆ ವಿಷಯ ತಂದು ಆಮೇಲೆ ಅದರ ಮೇಲೆ ಈ ಹಳೇ ಚೀಲ ಹೊದಿಸ್ತಾರೆ. ನಿಮ್ಮ ಲೆಕ್ಚರರ್ ಹೇಳಿದ ಪರೀಕ್ಷೆಯನ್ನೇ ಲೀಡಿಗೂ ಮಾಡಿ. ಹೆಸರು ಬದಲಿಸಿದ್ರೆ ನಡೀತದೆ ಅಂತಾದ್ರೆ ಆ ಸಾಲು ತೆಗೆದು ಬಿಸಾಡಿ, ಮುಂದಿನ ಸಾಲಿಂದ ಶುರು ಮಾಡಿ.

ಪ್ರಶ್ನೆ: ಮಲ್ಪೆ ಬಂದರಲ್ಲಿ ಒಬ್ರು ತಾಂಡೇಲರ (ಬೋಟ್ ನಡೆಸುವವರ) ಸಂದರ್ಶನ ಮಾಡಿದೆ. ಅವರು ಮಾತಾಡಿದ್ದು ಪೂರ್ತಿ ತುಳುವಲ್ಲಿ, ನಾನು ಬರೆಯುದು ಕನ್ನಡದಲ್ಲಿ. ಕೋಟ್ ಮಾರ್ಕ್ ಒಳಗೆ ಕನ್ನಡ ಹಾಕಿದ್ರೆ ಸುಳ್ಳು ಹೇಳಿದ ಹಾಗೆ ಆಗ್ತದಾ? (ಎಂಸಿಜೆ ವಿದ್ಯಾರ್ಥಿ, ಮಂಗಳೂರು)

ಸುಳ್ಳಾಗುದಿಲ್ಲ, ಆದ್ರೆ ಜವಾಬ್ದಾರಿ ಡಬಲ್ ಆಗ್ತದೆ. ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಅಂತ ನಮ್ಮ ಜಿಲ್ಲೆಗಳಲ್ಲಿ ಸಂದರ್ಶನ ಒಂದು ಭಾಷೆಯಲ್ಲಿ, ಬರಹ ಇನ್ನೊಂದರಲ್ಲಿ ಆಗುದು ಮಾಮೂಲಿ. ಅವರಿಗೆ ಯಾವುದು ಸಲೀಸೋ ಅದರಲ್ಲೇ ಮಾತಾಡಿಸಿ, ನಿಮ್ಮ ಅನುಕೂಲಕ್ಕೆ ಕನ್ನಡಕ್ಕೆ ಎಳೀಬೇಡಿ, ಎಳೆದ್ರೆ ಅರ್ಧ ಮಾತು ಅಲ್ಲೇ ಉಳೀತದೆ.

ನೀವು ಕಳಿಸಿದ ಡ್ರಾಫ್ಟಲ್ಲಿ ಆ ತಾಂಡೇಲರು "ಕಡಲು ನಮ್ಮ ಪಾಲಿಗೆ ಅನ್ನ ನೀಡುವ ತಾಯಿಯಿದ್ದಂತೆ" ಅಂತ ಹೇಳ್ತಾರೆ. ರೆಕಾರ್ಡಿಂಗ್ ಇನ್ನೊಂದು ಸಲ ಕೇಳಿ, ಅವರು ನಿಜವಾಗಿ ಹಾಗೆ ಹೇಳಿದ್ರಾ? ಬ್ಯಾಂಕಿಗೋ ಸೊಸೈಟಿಗೋ ಹೋದಾಗ ಅವರು ಮಾತಾಡುವ ಕನ್ನಡ ಯಾವ ಥರ ಇರ್ತದೆ, ಕೋಟ್ ಅದೇ ಥರ ಇರ್ಲಿ. ತುಳುವಲ್ಲಿ ಮಾತಾಡಿದ್ರು ಅಂತ ಬರಹದಲ್ಲಿ ಒಂದು ಕಡೆ ಹೇಳಿಬಿಡಿ. ಅನುವಾದ ಮಾಡಿದ ಕೋಟನ್ನು ತುಳು ಗೊತ್ತಿರುವ ಇನ್ನೊಬ್ಬರಿಗೆ ರೆಕಾರ್ಡಿಂಗ್ ಜೊತೆ ಕೇಳಿಸಿ, ಸಾಧ್ಯ ಆದ್ರೆ ಅವರಿಗೇ ಓದಿ ಹೇಳಿ. ಡೌಟಿದ್ರೆ ಕೋಟ್ ಮಾರ್ಕ್ ತೆಗೆದು ತಾತ್ಪರ್ಯ ಬರೀರಿ.

ಇನ್ನೊಂದು ವಿಷಯ, ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಬೋಟೆಲ್ಲ ದಡಕ್ಕೆ ಬಂದಿದೆ, ಬಲೆ ರಿಪೇರಿ ನಡೀತಾ ಉಂಟು, ಹಾಗಾಗಿ ಅವರಿಗೂ ಕೂತು ಮಾತಾಡ್ಲಿಕ್ಕೆ ಪುರುಸೊತ್ತು ಉಂಟು, ಸಂದರ್ಶನಕ್ಕೆ ಇದು ಒಳ್ಳೆ ಟೈಮೇ. ಆದ್ರೆ ನೀವು ನೋಡಿದ್ದು ನಿಂತ ಬೋಟನ್ನು. ಡ್ರಾಫ್ಟಿನ ಎರಡನೇ ಪ್ಯಾರಾದಲ್ಲಿ ಆಳ ಸಮುದ್ರದಲ್ಲಿ ರಾತ್ರಿ ಬಲೆ ಎಳೆಯುವ ದೃಶ್ಯವನ್ನು ನೀವೇ ಅಲ್ಲಿದ್ದ ಹಾಗೆ ಬರೆದಿದ್ದೀರಿ, ಅದು ಬೇಡ. ಅವರು ಹೇಳಿದ್ದು ಅಂತ ಓದುಗನಿಗೆ ಗೊತ್ತಾಗುವ ಹಾಗೆ ಬರೀರಿ. ಬಲೆಯ ತೂತು ಹೊಲೀತಾ ಅವರು ಹೇಳಿದ್ದು ಅಂತಾದ್ರೆ ಆ ಹೊಲಿಯುವ ಕೈಯನ್ನು ನೀವು ಕಣ್ಣಾರೆ ನೋಡಿದ್ದೀರಿ, ಅದನ್ನು ಬರೀರಿ. ಹೊರ ರಾಜ್ಯದ ಕಲಾಸಿಗಳು (ಬೋಟಿನ ಕೆಲಸದವರು) ತುಂಬ ಜನ ಈಗ ಊರಿಗೆ ಹೋಗಿರ್ತಾರೆ, ಅವರ ಮಾತು ಬೇಕಾದ್ರೆ ಆಗಸ್ಟ್ ಕಳೆದ ಮೇಲೆ ಇನ್ನೊಮ್ಮೆ ಬಂದರಿಗೆ ಹೋಗ್ಬೇಕು.

ಪ್ರಶ್ನೆ: ಹೆಸರಾಂತ ಯಕ್ಷಗಾನ ಕಲಾವಿದರೊಬ್ಬರ ವ್ಯಕ್ತಿಚಿತ್ರ ಬರೀಬೇಕು ಅಂತ ಅಸೈನ್‌ಮೆಂಟ್. ಅವರ ಬಗ್ಗೆ ಆಗ್ಲೇ ಬೇಕಾದಷ್ಟು ಬಂದಿದೆ, ಯೂಟ್ಯೂಬಲ್ಲೂ ಸಂದರ್ಶನ ಉಂಟು. ಹೊಸತು ಎಂತ ಕೇಳುದು? (ಪತ್ರಿಕೋದ್ಯಮ ವಿದ್ಯಾರ್ಥಿನಿ, ಉಜಿರೆ)

ಇದ್ದದ್ದನ್ನೆಲ್ಲ ಮೊದಲು ಓದಿ, ನೋಡಿ. ಗುರುಗಳು ಯಾರು, ಮೊದಲ ವೇಷ ಯಾವುದು, ಪ್ರಶಸ್ತಿ ಎಷ್ಟು, ಇದು ಯಾವುದನ್ನೂ ಅವರ ಹತ್ರ ಕೇಳ್ಲಿಕ್ಕೆ ಹೋಗ್ಬೇಡಿ. ನೂರು ಸಲ ಹೇಳಿ ಹೇಳಿ ಅವರಿಗೆ ಅದು ಬಾಯಿಪಾಠ ಆಗಿದೆ.

ಈಗ ಪತ್ತನಾಜೆ (ಮೇ ಕೊನೆಗೆ ತಿರುಗಾಟ ಮುಗಿಯುವ ದಿನ) ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ, ದೀಪಾವಳಿ ಆಚೆಗೆ ಮತ್ತೆ ತಿರುಗಾಟ. ಈ ಮಧ್ಯದ ತಿಂಗಳುಗಳ ಬಗ್ಗೆ ಕೇಳಿ. ಮಳೆಗಾಲದಲ್ಲಿ ಸಂಪಾದನೆ ಎಲ್ಲಿಂದ, ಬೆಂಗಳೂರು ಮುಂಬೈ ಕಡೆ ಆಟಕ್ಕೆ (ಪ್ರದರ್ಶನಕ್ಕೆ) ಹೋಗ್ತಾರಾ, ಸಣ್ಣ ಕಲಾವಿದರು ಚಿಕ್ಕಮೇಳ ಅಂತ ಸಂಜೆ ಮನೆ ಮನೆಗೆ ಹೋಗ್ತಾರಲ್ಲ, ಇವರೂ ಒಂದು ಕಾಲದಲ್ಲಿ ಹೋಗಿದ್ರಾ. ರಾತ್ರಿಯಿಡೀ ನಿದ್ದೆ ಬಿಡುವ ದೇಹ ಈಗ ರಾತ್ರಿ ಎಷ್ಟು ಗಂಟೆಗೆ ಮಲಗ್ತದೆ. ಬೆಳಗ್ಗಿನವರೆಗಿನ ಆಟ ಹೋಗಿ ಕೆಲವೇ ಗಂಟೆಯ ಕಾಲಮಿತಿ ಆಟ ಬಂದ ಮೇಲೆ ಅವರು ಮಾಡುವ ಪಾತ್ರದಲ್ಲಿ ಯಾವ ಮಾತು, ಯಾವ ಕುಣಿತ ಕಟ್ ಆಯ್ತು, ಅದನ್ನು ಮಾಡಿ ತೋರಿಸ್ತಾರಾ. ಈ ಕೊನೆಯ ಪ್ರಶ್ನೆ ಕೇಳಿ ನೋಡಿ, ಕುರ್ಚಿಯಿಂದ ಎದ್ದು ನಿಂತ್ಕೊಳ್ಳುವ ಕಲಾವಿದರು ತುಂಬ ಜನ.

ಅವರ ಸುತ್ತ ಇರುವವರನ್ನು ಬಿಡ್ಬೇಡಿ. ಇವರ ಪದ್ಯ ಹೇಳಿದ ಭಾಗವತರು, ಚೆಂಡೆಯವರು, ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗದಲ್ಲಿ) ವೇಷ ಕಟ್ಟಲಿಕ್ಕೆ ಸಹಾಯ ಮಾಡುವವರು, ಮನೆಯವರು. ಬಣ್ಣದ ವೇಷದವರಾದ್ರೆ (ರಾಕ್ಷಸ ಪಾತ್ರದವರಾದ್ರೆ) ಮುಖಕ್ಕೆ ಅಕ್ಕಿಹಿಟ್ಟು ಸುಣ್ಣದ ಚಿಟ್ಟಿ (ಉಬ್ಬು ಚುಕ್ಕಿ) ಇಡ್ಲಿಕ್ಕೇ ಗಂಟೆಗಟ್ಟಲೆ ಬೇಕು, ಆ ಹೊತ್ತಲ್ಲಿ ಅವರನ್ನು ಮಾತಾಡಿಸ್ಲೇಬಾರದು, ಆದ್ರೆ ಬಾಗಿಲ ಹತ್ರ ಕೂತು ನೋಡ್ಬಹುದು, ಅದಕ್ಕೂ ಮೊದಲೇ ಕೇಳಿಕೊಳ್ಳಿ. ಅಸೈನ್‌ಮೆಂಟಿನ ಡೆಡ್‌ಲೈನ್ ಅಷ್ಟು ದೂರ ಇಲ್ಲ ಅಂತ ಗೊತ್ತು, ಆದ್ರೆ ಮಳೆಗಾಲದಲ್ಲೂ ಅಲ್ಲಿ ಇಲ್ಲಿ ಸಭಾಭವನಗಳಲ್ಲಿ ಆಟ ಆಗ್ತದೆ, ಒಂದು ಹುಡುಕಿ ಹೋಗಿ.

ಪ್ರಶ್ನೆ: ಬೀಡಿ ಕಟ್ಟುವ ಒಬ್ರು ಅಕ್ಕ ಸಾಲದ ಬಗ್ಗೆ, ಗಂಡನ ಕುಡಿತದ ಬಗ್ಗೆ ಎಲ್ಲ ಮನಸ್ಸು ಬಿಚ್ಚಿ ಹೇಳಿದ್ರು. ಮರುದಿನ ಫೋನ್ ಮಾಡಿ "ಅದನ್ನೆಲ್ಲ ಹಾಕ್ಬೇಡಿ ಮಗಾ" ಅಂದ್ರು. ನನ್ನ ಹತ್ರ ರೆಕಾರ್ಡಿಂಗ್ ಉಂಟು, ಅದಿಲ್ಲದಿದ್ರೆ ಸ್ಟೋರಿಯೇ ಇಲ್ಲ. ಹಾಕಬಹುದಾ? ಇನ್ನೊಬ್ರು ಬರೆದದ್ದನ್ನು ಮೊದಲೇ ತೋರಿಸ್ಬೇಕು ಅಂತ ಹಠ ಮಾಡ್ತಿದ್ದಾರೆ, ತೋರಿಸ್ಬೇಕಾ? (ಹೆಸರು ಬೇಡ ಅಂದಿದ್ದಾರೆ)

ಹಾಕ್ಬೇಡಿ. ಪತ್ರಿಕೋದ್ಯಮದಲ್ಲಿ ಆಫ್ ದ ರೆಕಾರ್ಡ್ ಅಂತ ಹೇಳುದಿದ್ರೆ ಮಾತಿಗೆ ಮೊದಲೇ ಹೇಳ್ಬೇಕು, ಹೇಳಿ ಆದ ಮೇಲೆ ವಾಪಸ್ ಇಲ್ಲ ಅಂತ ರೂಢಿ ಉಂಟು, ಅದು ಸರಿಯೇ. ಆದ್ರೆ ಆ ರೂಢಿ ಇರುದು ಮಂತ್ರಿ, ಅಧಿಕಾರಿ, ಕಂಪನಿಯವರಂಥ ಜನರಿಗೆ, ಪತ್ರಕರ್ತರ ಜೊತೆ ಮಾತಾಡಿ ಅಭ್ಯಾಸ ಇರುವವರಿಗೆ. ಈ ಅಕ್ಕ ಜೀವನದಲ್ಲಿ ಮೊದಲ ಸಲ ಒಬ್ಬ ವರದಿಗಾರನ ಎದುರು ಕೂತವರು, ಅವರು ಮಾತಾಡಿದ್ದು ನಿಮ್ಮ ಪೇಪರ್ ಜೊತೆ ಅಲ್ಲ, ಮಗನ ಪ್ರಾಯದ ಒಬ್ಬ ಹುಡುಗನ ಜೊತೆ. ನೀವು ಪರೀಕ್ಷೆ ಮುಗಿಸಿ ಊರು ಬಿಡ್ತೀರಿ, ಅವರು ಅದೇ ಮನೆಯಲ್ಲಿ ಅದೇ ಗಂಡನ ಜೊತೆ ಇರ್ತಾರೆ. ಹೆಸರು ಬದಲಿಸಿದ್ರೆ ಸಾಕಲ್ಲ ಅಂತ ನಿಮ್ಮ ಪತ್ರದ ಕೊನೆಗೆ ಕೇಳಿದ್ದೀರಿ. ಸಾಕಾಗುದಿಲ್ಲ. ಊರು, ಬೀಡಿ ಬ್ರಾಂಚು (ಕಟ್ಟಿದ ಬೀಡಿ ಕೊಡುವ ಜಾಗ), ಇಬ್ಬರು ಹೆಣ್ಮಕ್ಕಳು ಅಂತ ಮೂರು ಗುರುತು ಕೊಟ್ರೆ ಆ ವಠಾರದಲ್ಲಿ ಎಲ್ಲರಿಗೂ ಯಾರು ಅಂತ ಗೊತ್ತಾಗ್ತದೆ.

ವಾಪಸ್ ಹೋಗಿ ಕೂತು ಕೇಳಿ, ಯಾವುದು ಹಾಕ್ಬಹುದು ಯಾವುದು ಬೇಡ ಅಂತ. ಕುಡಿತದ ವಿಷಯ ಪೂರ್ತಿ ಬಿಡಿ. ಸಾಲದ ವಿಷಯ ಅವರು ಒಪ್ಪಿದ್ರೆ ಮಾತ್ರ. ಮತ್ತೆ ಅದಿಲ್ಲದಿದ್ರೆ ಸ್ಟೋರಿಯೇ ಇಲ್ಲ ಅಂದಿದ್ದೀರಿ, ಅದನ್ನು ನಾನು ಒಪ್ಪುದಿಲ್ಲ. ಸಾವಿರ ಬೀಡಿಗೆ ಎಷ್ಟು ಕೊಡ್ತಾರೆ, ದಿನಕ್ಕೆ ಎಷ್ಟು ಕಟ್ತಾರೆ, ಎಲೆ ಕಡಿಮೆ ಬಂದ್ರೆ ನಷ್ಟ ಯಾರಿಗೆ, ಬ್ರಾಂಚಲ್ಲಿ ಸರಿ ಇಲ್ಲ ಅಂತ ಬಿಸಾಡಿದ ಬೀಡಿಯ ಲೆಕ್ಕ ಹೇಗೆ, ಪಿಎಫ್ ಉಂಟಾ, ಕಣ್ಣು ಬೆನ್ನು ಹೇಗುಂಟು, ಇದ್ಯಾವುದನ್ನೂ ನೀವು ಕೇಳ್ಲೇ ಇಲ್ಲ. ಕಣ್ಣೀರು ಸಿಕ್ಕಿದ ಕೂಡ್ಲೇ ಕೆಲಸದ ಬಗ್ಗೆ ಕೇಳುದನ್ನು ನಿಲ್ಲಿಸಿದ್ದೀರಿ.

ರೆಕಾರ್ಡಿಂಗ್ ಬಗ್ಗೆ ಪ್ರೆಸ್ ಕೌನ್ಸಿಲಿನ ನಡಾವಳಿ ಸ್ಪಷ್ಟ ಉಂಟು, ಎದುರಿನವರಿಗೆ ತಿಳಿಸದೆ, ಒಪ್ಪಿಗೆ ಇಲ್ಲದೆ ಮಾತು ರೆಕಾರ್ಡ್ ಮಾಡಬಾರದು, ಕಾನೂನು ಕ್ರಮದಲ್ಲಿ ಪತ್ರಕರ್ತನ ರಕ್ಷಣೆಗೆ ಬೇಕಾದ ಥರದ ಗಟ್ಟಿ ಕಾರಣ ಇದ್ರೆ ಮಾತ್ರ ವಿನಾಯಿತಿ. ಫೋನನ್ನು ಎದುರಿಗೇ ಇಟ್ಟು ಕೇಳಿ. ಮಕ್ಕಳ ವಿಷಯ ಬಂದ್ರೆ ಇನ್ನೂ ಬಿಗಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತನ್ನು ಮಾಧ್ಯಮ ಬಿಟ್ಟುಕೊಡುದು ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅಪರಾಧ, ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಕೂಡ ಕೇಸಿನಲ್ಲಿ ಸಿಕ್ಕಿದ, ರಕ್ಷಣೆ ಬೇಕಾದ ಮಕ್ಕಳ ಹೆಸರು, ವಿಳಾಸ, ಶಾಲೆ, ಫೋಟೋ ಹಾಕುದನ್ನು ತಡೀತದೆ. ಕಾಲೇಜು ಪೇಪರ್ ಅಂತ ರಿಯಾಯಿತಿ ಇಲ್ಲ.

ಬರೆದದ್ದನ್ನು ತೋರಿಸುವ ವಿಷಯ: ಇಡೀ ಬರಹ ಕೊಡ್ಬೇಡಿ, ಕೊಟ್ರೆ ಅವರು ಎಡಿಟ್ ಮಾಡ್ಲಿಕ್ಕೆ ಕೂತ್ಕೊಳ್ತಾರೆ, ಮತ್ತೆ ಅದು ಅವರ ಅಭಿನಂದನಾ ಲೇಖನ ಆಗ್ತದೆ. ಆದ್ರೆ ಅವರ ಕೋಟು, ಹೆಸರು, ಇಸವಿ, ಲೆಕ್ಕ, ಇಷ್ಟನ್ನು ಫೋನಲ್ಲಿ ಓದಿ ಹೇಳಿ ಸರಿಯುಂಟಾ ಅಂತ ಕೇಳುದು ಒಳ್ಳೆ ಅಭ್ಯಾಸ. ವಿಷಯ ತಪ್ಪಿದ್ರೆ ತಿದ್ದಿ, ಅಭಿಪ್ರಾಯ ಇಷ್ಟ ಆಗ್ಲಿಲ್ಲ ಅಂದ್ರೆ ವಿನಯವಾಗಿ ಆಗುದಿಲ್ಲ ಅನ್ನಿ. ಇದನ್ನು ಸಂದರ್ಶನಕ್ಕೆ ಕೂರುವ ಮೊದಲೇ ಹೇಳಿಟ್ರೆ ಆಮೇಲೆ ಜಗಳ ಇಲ್ಲ.

ಪ್ರಶ್ನೆ: ವಾಟ್ಸಾಪಲ್ಲಿ ಪ್ರಶ್ನೆ ಕಳಿಸಿ ಉತ್ತರ ತರಿಸಿದ್ರೆ ಅದು ಸಂದರ್ಶನ ಆಗ್ತದಾ? ಆ ಉತ್ತರವನ್ನು ಎಐಗೆ ಹಾಕಿ ಚಂದ ಮಾಡಿಸಿದ್ರೆ? (ಬಿಎ ವಿದ್ಯಾರ್ಥಿ, ಕುಂದಾಪುರ)

ಇನಿಶಿಯಲ್, ಇಸವಿ, ಊರಿನ ಹೆಸರು ಕನ್ಫರ್ಮ್ ಮಾಡ್ಲಿಕ್ಕೆ ವಾಟ್ಸಾಪ್ ಒಳ್ಳೆದೇ. ನುಡಿಚಿತ್ರಕ್ಕೆ ಸಾಲದು, ಯಾಕಂದ್ರೆ ಟೈಪ್ ಮಾಡಿದ ಉತ್ತರದ ಮೇಲೆ ನೀವು ಕೂಡ್ಲೇ ಇನ್ನೊಂದು ಪ್ರಶ್ನೆ ಹಾಕ್ಲಿಕ್ಕಾಗುದಿಲ್ಲ, ಎಷ್ಟೋ ಸಲ ಉತ್ತರ ಟೈಪ್ ಮಾಡುದು ಅವರ ಮಗನೋ ಸೊಸೆಯೋ ಆಗಿರ್ತಾರೆ. ಬೇರೆ ದಾರಿ ಇಲ್ಲದೆ ಬಳಸಿದ್ರೆ ಬರಹದಲ್ಲಿ ಹಾಗಂತ ಹೇಳಿ. ಎಐ ವಿಷಯಕ್ಕೆ ಒಂದೇ ಮಾತು, ಕೋಟ್ ಮಾರ್ಕ್ ಒಳಗಿನ ಮಾತು ಅವರ ಬಾಯಿಂದ ಬಂದದ್ದೇ ಆಗಿರ್ಬೇಕು, ಚಂದ ಮಾಡಿಸಿದ ಕೂಡ್ಲೇ ಅದು ಅವರದ್ದಲ್ಲ. ಎಡಿಟರ್ ಕೇಳಿದಾಗ ರೆಕಾರ್ಡಿಂಗಲ್ಲಿ ಆ ಜಾಗ ತೋರಿಸ್ಲಿಕ್ಕೆ ಆಗ್ಬೇಕು.

ನೀವು ಬರೆಯಬೇಕೆಂದಿರುವವರು ದುಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ ಅಂತ ಹೇಳಿದ್ದೀರಿ, ಹಾಗಾದ್ರೆ ವಿಡಿಯೋ ಕಾಲ್ ಮಾಡಿ. ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಡ್ಯೂಟಿ ಶಿಫ್ಟ್ ಕೇಳಿ ಟೈಮ್ ಫಿಕ್ಸ್ ಮಾಡಿ, ರೂಮಿಗೆ ಬಂದು ಊಟ ಆದ ಮೇಲೆ ಆದ್ರೆ ಒಳ್ಳೆದು. ಒಪ್ಪಿದ್ರೆ ರೂಮನ್ನೂ ಒಂದು ಸುತ್ತು ತೋರಿಸ್ಲಿಕ್ಕೆ ಹೇಳಿ, ಆದ್ರೆ ಜೊತೆಗೆ ಮಲಗಿರುವ ರೂಮ್‌ಮೇಟ್‌ಗಳ ಮುಖ ಸ್ಕ್ರೀನ್‌ಶಾಟಲ್ಲಿ ಬರಬಾರದು. ಕುಂದಾಪುರದಲ್ಲಿರುವ ಅವರ ಮನೆಗೆ ಮಾತ್ರ ನೀವು ಖುದ್ದಾಗಿ ಹೋಗಿ, ಬಸ್ಸಲ್ಲಿ ಹೋದ್ರೆ ಅರ್ಧ ದಿನದ ಕೆಲಸ.